ಎರಡು ರಿಮೋಟಿನ ಆಟ

ಶೀರ್ಷಿಕೆ ನೋಡಿ, ಧಾರಾವಾಹಿಗಾಗಿ ಅತ್ತೆ ಸೊಸೆಯರು ರಿಮೋಟ್ ಎಳೆದಾಡುವ ಕಥೆ ಅಂದುಕೊಂಡಿರಾ ಸೋದರಿಯರೇ? ಅಲ್ಲ. ನಾನು ಹೇಳಹೊರಟಿರುವುದು ವಿಡಿಯೋ ಗೇಮಿನ ವಿಷಯ. ನಗಬೇಡಿ! ನಲವತ್ತೈದು ತುಂಬಿದ, ಎಸ್ಸೆಸ್ಸೆಲ್ಸಿವರೆಗೆ ಓದಿದ, ಬೆಳಗಾದರೆ ಡಬ್ಬಿ ಕಟ್ಟುವ ಹೆಂಗಸಿಗೆ ಇದೆಂಥ ಹುಚ್ಚು ಅಂತ ನಮ್ಮವರೂ ಕೇಳುತ್ತಾರೆ. ಹುಚ್ಚು ಹಿಡಿಸಿದವನು ನಮ್ಮಣ್ಣ.

ನನ್ನ ತವರು ಕಡೂರು. 1993ರ ಬೇಸಿಗೆ ರಜೆಯಲ್ಲಿ ಚಿಕ್ಕಪ್ಪ ಬೆಂಗಳೂರಿನಿಂದ ಒಂದು ಪೆಟ್ಟಿಗೆ ತಂದರು. ಎರಡು ರಿಮೋಟು, ಒಂದು ಪ್ಲಾಸ್ಟಿಕ್ ಬಂದೂಕು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಜಪಾನಿನ ನಿಂಟೆಂಡೊ ಕಂಪನಿಯವರು 1983ರಲ್ಲಿ ಮಾಡಿದ ಫ್ಯಾಮಿಕಾಮ್ ಎಂಬ ಯಂತ್ರದ ನಕಲು ಅದು ಅಂತ ಈಗ ಗೊತ್ತಾಗಿದೆ. ಆಗ ಅಸಲು ನಕಲು ಯಾರಿಗೆ ಬೇಕಿತ್ತು? ಆಟ ಬಾರದಿದ್ದರೆ ಕ್ಯಾಸೆಟ್ ಕಿತ್ತು ಉಫ್ ಅಂತ ಊದಿ ಮತ್ತೆ ಹಾಕುತ್ತಿದ್ದೆವು. ಊದಿದ್ದರಿಂದ ಏನೂ ಆಗುತ್ತಿರಲಿಲ್ಲವಂತೆ. ತೆಗೆದು ಹಾಕುವಾಗ ಒಳಗಿನ ಪಿನ್ನು ಸರಿಯಾಗಿ ಕೂರುತ್ತಿತ್ತು, ಅಷ್ಟೆ. ಉಸಿರಿನ ತೇವಕ್ಕೆ ತುಕ್ಕು ಹಿಡಿದದ್ದೇ ಲಾಭ!

ಮನೆಯಲ್ಲಿದ್ದದ್ದು ಕಪ್ಪು ಬಿಳುಪು ಟಿ.ವಿ. ಮಾರಿಯೋನ ಟೋಪಿ ಕೆಂಪು ಅಂತ ನನಗೆ ತಿಳಿದದ್ದು ಮೂರು ವರ್ಷದ ನಂತರ, ಪಕ್ಕದ ಮನೆಯಲ್ಲಿ. ಆದರೆ ಬಣ್ಣವಿಲ್ಲದ್ದರಿಂದ ಒಂದು ಉಪಕಾರವಾಗಿತ್ತು. ಆ ಆಟದಲ್ಲಿ ಮೇಲಿನ ಮೋಡ, ಕೆಳಗಿನ ಪೊದೆ ಎರಡೂ ಒಂದೇ ಥರ ಇವೆಯಲ್ಲಾ ಅಂತ ನಾನು ಆಗಲೇ ಹೇಳಿದ್ದೆ. ಅಣ್ಣ ತಲೆಗೆ ಮೊಟಕಿದ್ದ. ನಿಜಕ್ಕೂ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. 1985ರ ಆ ಇಡೀ ಆಟ 40 ಕಿಲೋಬೈಟಿನಲ್ಲಿ ಹಿಡಿಯಬೇಕಿತ್ತು. ಇವತ್ತು ಬೆಳಗಾದರೆ ಫೋನಿಗೆ ಬಂದು ಬೀಳುವ ಹೂವಿನ ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದು. ಒಂದೇ ಹಿಟ್ಟಿನಲ್ಲಿ ಬೆಳಿಗ್ಗೆ ದೋಸೆ, ಸಂಜೆ ಪಡ್ಡು ಮಾಡುವ ನಮಗೆ ಈ ಜಾಣತನ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಂದೂಕಿನ ಆಟದಲ್ಲಿ ಬಾತುಕೋಳಿ ಹೊಡೆಯಬೇಕು. ಕುದುರೆ ಒತ್ತಿದೊಡನೆ ಪರದೆ ಕಣ್ಣು ಮಿಟುಕಿಸುವಷ್ಟು ಹೊತ್ತು ಕಪ್ಪಾಗಿ, ಕೋಳಿ ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮೂಡುತ್ತಿತ್ತು. ಬಂದೂಕಿನ ತುದಿಗೆ ಆ ಬೆಳಕು ಕಂಡರೆ ಕೋಳಿ ಸತ್ತಂತೆ. ಹಳೆಯ ಪಿಕ್ಚರ್ ಟ್ಯೂಬಿನ ಟಿ.ವಿ.ಯಲ್ಲಿ ಮಾತ್ರ ಇದು ನಡೆಯುತ್ತಿತ್ತು. ಬಂದೂಕು ಯಾವಾಗಲೂ ಅಣ್ಣನ ಕೈಯಲ್ಲೇ. ಒಂದು ದಿನ ಸುಮ್ಮನೆ ಕೂತು ಬೇಸರವಾಗಿ ರಿಮೋಟಿನ ಗುಂಡಿ ಒತ್ತಿದೆ ನೋಡಿ, ಕೋಳಿ ನನ್ನ ಮಾತು ಕೇಳಿತು! ಅದನ್ನು ಎಡಕ್ಕೂ ಬಲಕ್ಕೂ ಹಾರಿಸಿದೆ. ಇಂದೇಕೆ ಗುರಿ ತಪ್ಪುತ್ತಿದೆ ಅಂತ ಅಣ್ಣ ವಾರವಿಡೀ ಕೈ ಹಿಸುಕಿಕೊಂಡ. ಆ ಸಂತೋಷ ಮತ್ತೆ ಬಂದಿಲ್ಲ.

ನಮ್ಮಿಬ್ಬರಿಗೂ ಪ್ರಾಣವಾಗಿದ್ದದ್ದು ಕಾಂಟ್ರಾ. 1987ರ ಆಟ. ಇಬ್ಬರು ಸಿಪಾಯಿಗಳು ಜೊತೆಯಾಗಿ ಕಾಡು ನುಗ್ಗಬೇಕು. ಒಬ್ಬ ನೀಲಿ, ಒಬ್ಬ ಕೆಂಪು. ನಮ್ಮ ಟಿ.ವಿ.ಯಲ್ಲಿ ಇಬ್ಬರೂ ಬೂದಿ ಬಣ್ಣವೇ! ಯಾರು ಯಾರೆಂದು ತಿಳಿಯಲು ಒಮ್ಮೆ ಎಗರಿ ನೋಡಬೇಕಿತ್ತು. ಮೂರೇ ಲೈಫು. ಮೂವತ್ತು ಬೇಕಾದರೆ ಒಂದು ಗುಟ್ಟು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಮಗ್ಗಿ ಬಾರದಿದ್ದರೂ ಇದು ಬಾಯಿಪಾಠ. ಇನ್ನೊಂದು ಸೌಕರ್ಯವಿತ್ತು. ನನ್ನ ಲೈಫೆಲ್ಲ ಮುಗಿದರೆ ಜೊತೆಗಾರನ ಪಾಲಿನಿಂದ ಒಂದು ತೆಗೆದುಕೊಳ್ಳಬಹುದಿತ್ತು. ಅವನನ್ನು ಕೇಳುವ ಹಂಗೇ ಇಲ್ಲ, ಗುಂಡಿ ಒತ್ತಿದರೆ ಸಾಕು. ಸಾಯುವವಳು ಯಾವಾಗಲೂ ನಾನೇ. "ಏ ಪುಟ್ಟಿ, ನಂದೆಲ್ಲ ಮುಗಿಸಿಬಿಟ್ಯಲ್ಲೇ!" ಅಂತ ಅರಚುತ್ತಿದ್ದ. ಆದರೆ ಒಂದು ದಿನವೂ ರಿಮೋಟು ಕಿತ್ತುಕೊಂಡವನಲ್ಲ.

2000ದಲ್ಲಿ ಮದುವೆಯಾಗಿ ತಿಪಟೂರಿಗೆ ಬಂದೆ. ಟ್ರಂಕಿನಲ್ಲಿ ಸೀರೆಗಳ ಕೆಳಗೆ ಅಣ್ಣ ಕೊಡಿಸಿದ ಬ್ರಿಕ್ ಗೇಮ್ ಇತ್ತು. ಅದರ ಮೂಲ ಟೆಟ್ರಿಸ್ ಎಂಬ ಆಟ. 1984ರಲ್ಲಿ ಮಾಸ್ಕೋದಲ್ಲಿ ಅಲೆಕ್ಸಿ ಪಾಜಿಟ್ನೊವ್ ಎಂಬಾತ ಮಾಡಿದ್ದು. ಏಳು ಆಕಾರದ ಇಟ್ಟಿಗೆಗಳು ಬೀಳುತ್ತಾ ಇರುತ್ತವೆ, ಸಂದಿಲ್ಲದಂತೆ ಜೋಡಿಸಬೇಕು. ಒಂದು ಸಾಲು ತುಂಬಿದೊಡನೆ ಮಾಯ. ಪಾತ್ರೆ ಸ್ಟ್ಯಾಂಡಿನ ಕೆಲಸವೇ ಬಿಡಿ. ಅತ್ತೆಯವರು ಮಧ್ಯಾಹ್ನ ಮಲಗಿದಾಗ ಶಬ್ದ ಅಡಗಿಸಿಕೊಂಡು ಆಡುತ್ತಿದ್ದೆ. ಒಂದು ದಿನ ಹಿಂದೆಯೇ ಬಂದು ನಿಂತಿದ್ದರು! ಬೈಗುಳಕ್ಕೆ ತಲೆ ಬಗ್ಗಿಸಿದೆ. "ಆ ಉದ್ದದ್ದನ್ನ ಮೂಲೆಗೆ ನಿಲ್ಲಿಸಬಾರದಿತ್ತೇನೆ?" ಅಂದರು.

ನಮ್ಮವರ ನೋಕಿಯಾದಲ್ಲಿ ಹಾವಿನ ಆಟ ಆಡಿದೆ. ಆಮೇಲೆ 2012ರ ಕ್ಯಾಂಡಿ ಕ್ರಷ್. ಅದು ನನಗೆ ಸೇರಲಿಲ್ಲ. ಐದು ಲೈಫ್ ಮುಗಿದರೆ ಒಂದೊಂದಕ್ಕೂ ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕಟ್ಟಬೇಕು, ಅಥವಾ ಗೆಳತಿಯರ ಹತ್ತಿರ ಬೇಡಬೇಕು. ಕೇಳದೆಯೇ ತೆಗೆದುಕೊಂಡು ಬೆಳೆದವಳಿಗೆ ಇದು ಹಿಡಿಸೀತೇ?

ಮಗ ಪಿ.ಯು.ಸಿ.ಗೆ ಬಂದಾಗ ಪ್ಲೇಸ್ಟೇಷನ್ 4 ಬಂತು. ಅವನು ನನ್ನನ್ನು ಕೂರಿಸಿಕೊಂಡು ಆಡಿದ್ದು 'ಇಟ್ ಟೇಕ್ಸ್ ಟೂ'. 2021ರದು. ಬೇರೆಯಾಗಲು ಹೊರಟ ಗಂಡ ಹೆಂಡತಿ ಮಗಳ ಕಣ್ಣೀರಿನಿಂದ ಗೊಂಬೆಗಳಾಗಿಬಿಡುತ್ತಾರೆ. ಒಬ್ಬರಿಗೆ ಮೊಳೆ, ಇನ್ನೊಬ್ಬರಿಗೆ ಸುತ್ತಿಗೆ. ಒಬ್ಬರೇ ಆಡಲು ಬರುವುದೇ ಇಲ್ಲ. ನಾನು ಹತ್ತು ಸಲ ಬಿದ್ದರೂ ಮಗ ಕಾದ. ಆ ಬಣ್ಣ, ಆ ಚೆಂದ ಹೇಳತೀರದು.

ಈಗ ಮನೆಯ ಮಾತು. 2022ರಲ್ಲಿ ಅಪ್ಪ ಹೋದರು. ತಿಂಗಳು ಕಳೆದ ಮೇಲೆ ಅಣ್ಣ ಹಕ್ಕು ಬಿಡುಗಡೆ ಪತ್ರ ತಂದು ಮೇಜಿನ ಮೇಲಿಟ್ಟ. ಎರಡು ಎಕರೆ ತೆಂಗಿನ ತೋಟ. 2005ರ ತಿದ್ದುಪಡಿಯಾದ ಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಮಗನ ಇಂಜಿನಿಯರಿಂಗ್ ಫೀಸು ಕಣ್ಣೆದುರಿಗಿತ್ತು. ಸಹಿ ಹಾಕಲಿಲ್ಲ. ಕಾಫಿ ಕುಡಿಯದೇ ಎದ್ದು ಹೋದ. ಅಂದಿನಿಂದ ಗೌರಿ ಹಬ್ಬಕ್ಕೆ ತವರಿನ ಬಾಗಿನ ಬಂದಿಲ್ಲ. ಕೇಳಿದ್ದು ತಪ್ಪು ಅಂತ ನನಗೆ ಇಂದಿಗೂ ಅನ್ನಿಸಿಲ್ಲ. ಆದರೆ ಹಬ್ಬದ ದಿನ ಬಾಗಿಲ ಕಡೆಗೆ ಕಿವಿ ಇರುವುದು ಸುಳ್ಳಲ್ಲ.

ಹೋದ ದಸರಾ ರಜೆಗೆ ಬಂದ ಮಗ ಹಳೆಯ ಕಾಂಟ್ರಾ ಹಾಕಿಸಿಕೊಟ್ಟ. 2019ರಲ್ಲಿ ಹಳೆಯ ಆಟಗಳನ್ನೆಲ್ಲ ಸೇರಿಸಿ ಕಂಪನಿಯವರು ಮತ್ತೆ ತಂದಿದ್ದಾರೆ. ಮೊದಲ ಸಲ ನೀಲಿ ಕೆಂಪು ಬೇರೆ ಬೇರೆ ಕಂಡವು! ಗುಟ್ಟಿನ ಗುಂಡಿಗಳನ್ನು ಒತ್ತಿದೆ, ಮೂವತ್ತು ಲೈಫೂ ಬಂತು. ಆದರೆ ಎಷ್ಟು ಸಲ ಒತ್ತಿದರೂ ಪರದೆಯ ಮೇಲೆ ಒಬ್ಬನೇ ಸಿಪಾಯಿ. ಏನೋ ಒಂದು ಮರೆತಿದ್ದೆ.

"ಗೂಗಲ್ ಮಾಡ್ತೀನಿ ಅಮ್ಮ" ಅಂದ ಮಗ.

"ತಡಿ" ಅಂದೆ.

ಫೋನು ತೆಗೆದು ಅಣ್ಣನಿಗೆ ಬರೆದೆ: ಕಾಂಟ್ರಾದ ಮೂವತ್ತು ಲೈಫು, ಬಿ, ಎ ಆದಮೇಲೆ ಏನು? ಅಷ್ಟೇ. ಹೇಗಿದ್ದೀಯ ಅಂತಲೂ ಕೇಳಲಿಲ್ಲ. ಅನ್ನಕ್ಕಿಟ್ಟು ಬಂದೆ, ಸಾರಿಗೆ ಒಗ್ಗರಣೆ ಹಾಕಿದೆ. ಊಟವಾದ ಮೇಲೆ ಉತ್ತರ ಬಂತು.

"ಇಬ್ಬರು ಆಡೋದಾದ್ರೆ ಸ್ಟಾರ್ಟಿಗೆ ಮೊದಲು ಸೆಲೆಕ್ಟ್ ಒತ್ತಬೇಕು. ಮರೆತುಬಿಟ್ಯಾ?"

ಸ್ವಲ್ಪ ಹೊತ್ತಿನಲ್ಲಿ ಇನ್ನೊಂದು: "ನೀನು ತಗೊಂಡಿರೋ ನನ್ನ ಲೈಫೆಲ್ಲ ಲೆಕ್ಕ ಇಟ್ಟಿದೀನಿ."

ಪತ್ರ ಇನ್ನೂ ಬೀರುವಿನಲ್ಲೇ ಇದೆ, ಸಹಿ ಬಿದ್ದಿಲ್ಲ, ಹರಿದೂ ಹಾಕಿಲ್ಲ. ಮಗ ರಜೆ ಮುಗಿಸಿ ಹೋಗುವಾಗ ರಿಮೋಟುಗಳನ್ನು ಪೆಟ್ಟಿಗೆಗೆ ಹಾಕಹೊರಟ. ಎರಡನ್ನೂ ಟಿ.ವಿ. ಪಕ್ಕದಲ್ಲೇ ಇಡು ಅಂದೆ.