ನಮ್ಮ ಮನೆಯ ಗಾನಯಂತ್ರ
ನಿವೃತ್ತಿವೇತನವೊಂದೇ ಆಧಾರವಾದ ನಮ್ಮ ಮನೆಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರಿನ ಸ್ವರವು ಕರ್ಕಶವಾಗಿದ್ದಿತು. ಹೊಸ ಆಂಪ್ಲಿಫೈಯರಿಗೆಂದು ನಾವು ಮೂರು ತಿಂಗಳು ಹಣ ಕೂಡಿಸಿದೆವು. ಅಂಗಡಿಯವನು, “ಮೇಷ್ಟ್ರೇ, ಮೊದಲು ಮುಳ್ಳು ತೋರಿಸಿ” ಎಂದನು. ವಜ್ರದ ಮುಳ್ಳೂ ಸವೆಯುವುದೆಂಬುದನ್ನು, ಪಾಣಿನಿಯ ಸೂತ್ರಗಳನ್ನು ಬಾಯಿಪಾಠ ಮಾಡಿದ ನಾವು ಅರಿತಿರಲಿಲ್ಲ! ಸವೆದ ಮುಳ್ಳು ಪ್ಲೇಟಿನ ಗೆರೆಯನ್ನೇ ಕೆತ್ತಿ ಕೆಡಿಸುವುದು. ಅದೊಂದನ್ನೇ ಬದಲಿಸಿದೆವು. ಮೂಲೆಗೊತ್ತಿ ಇಟ್ಟಿದ್ದ ಸ್ಪೀಕರುಗಳನ್ನು ಗೋಡೆಯಿಂದ ಎರಡಡಿ ಈಚೆಗೆಳೆದು, ಕುಳಿತವರ ಕಿವಿಯ ಮಟ್ಟಕ್ಕೆ ಹಳೆಯ ಸ್ಟೂಲುಗಳ ಮೇಲಿರಿಸಿದೆವು. ಮಂದ್ರಸ್ವರಗಳ ಗುಂಯ್‌ಗುಡುವಿಕೆ ಬಹುಮಟ್ಟಿಗೆ ಅಡಗಿತು. ಉಳಿದ ಹಣವು ಮನೆಯಾಕೆಯ ಕನ್ನಡಕಕ್ಕೆ ಸಂದಿತು. ಆದರೆ ಆಕೆಯ ಮೆಚ್ಚಿನ, ನಿಮಿಷಕ್ಕೆ 33⅓ ಸುತ್ತು ತಿರುಗುವ ಮಲ್ಲಿಕಾರ್ಜುನ ಮನಸೂರರ ಪ್ಲೇಟಿನಲ್ಲಿ ಚರಚರ ಶಬ್ದವು ಉಳಿದೇ ಇದೆ; ಅದು ನಮ್ಮ ಅಲಕ್ಷ್ಯದ ಫಲ. ಆಕೆ ದೂರಲಿಲ್ಲ. “ತಂಬೂರಿಯ ನಾದ ಈಗ ಕೇಳಿಸುತ್ತದೆ” ಎಂದಳಷ್ಟೆ.