ತಾಂಡಾದಲ್ಲಿ ಕಂಡ ಮದುವೆ

ಆಮಂತ್ರಣವಿಲ್ಲದ ಮದುವೆಗೆ ಹೋಗುವುದು ಅಷ್ಟೇನೂ ಗೌರವದ ಕೆಲಸವಲ್ಲ. ಆದರೆ ಪ್ರವಾಸಿಗೆ ಈ ವಿಷಯದಲ್ಲಿ ಸ್ವಲ್ಪ ರಿಯಾಯಿತಿ ಉಂಟು. ದಾರಿಯಲ್ಲಿ ಸಿಕ್ಕವನನ್ನು ಬಿಟ್ಟು ಉಣ್ಣಬಾರದೆಂಬ ಪದ್ಧತಿ ಬಯಲುಸೀಮೆಯಲ್ಲಿ ಇನ್ನೂ ಉಳಿದಿದೆ. ಹೀಗಾಗಿಯೇ, ಹರಪನಹಳ್ಳಿಯ ಹತ್ತಿರದ ಬಾಗಳಿಯಲ್ಲಿ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯನ್ನು ನೋಡಲು ಹೋಗಿದ್ದ ನಾನು, ಅಂದು ಸಂಜೆ ಒಂದು ಲಂಬಾಣಿ ತಾಂಡಾದ ಚಪ್ಪರದ ಕೆಳಗೆ ಚಾಪೆಯ ಮೇಲೆ ಕುಳಿತಿದ್ದೆ. ಕರೆದೊಯ್ದವರು ಆ ತಾಂಡಾದವರೇ ಆದ ಒಬ್ಬ ಶಾಲಾ ಮಾಸ್ತರರು. ನಾವಿಬ್ಬರೂ ಒಂದೇ ಬಸ್ಸಿಗೆ ಕಾಯುತ್ತಿದ್ದೆವು, ಪರಿಚಯ ಅಷ್ಟೇ. "ನಮ್ಮ ಅಣ್ಣನ ಮಗಳ ಮದುವಿ ಐತ್ರಿ ಸರ, ಬಂದು ಹೋಗ್ರಿ" ಎಂದರು.

ಈ ಹರಪನಹಳ್ಳಿಯೂ ಒಂದು ರೀತಿಯಲ್ಲಿ ತವರು ಬಿಟ್ಟು ಹೋಗಿ ಬಂದ ಊರೇ. 1997ರಲ್ಲಿ ಬಳ್ಳಾರಿಯಿಂದ ಹೊರಟು ದಾವಣಗೆರೆ ಜಿಲ್ಲೆಯ ಮನೆ ತುಂಬಿತು; 2018ರಲ್ಲಿ ಮತ್ತೆ ಬಳ್ಳಾರಿಗೆ ಮರಳಿತು; 2021ರಲ್ಲಿ ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರುಗಳ ಜೊತೆಗೂಡಿ ಹೊಸ ವಿಜಯನಗರ ಜಿಲ್ಲೆಯನ್ನು ಸೇರಿತು. ಈ ಸೀಮೆಯಲ್ಲಿ ತಿರುಗುವವರಿಗೆ ಊರಿನಿಂದ ಕೊಂಚ ದೂರ ಸರಿದು ನಿಂತ ತಾಂಡಾಗಳು ಅಲ್ಲಲ್ಲಿ ಕಾಣದೆ ಇರುವುದಿಲ್ಲ.

ತಾಂಡಾ ಎಂದರೆ ಮೊದಲು ನಿಂತ ಊರಲ್ಲ, ನಡೆಯುವ ಊರು. ಎತ್ತುಗಳ ಬೆನ್ನ ಮೇಲೆ ಉಪ್ಪು, ಧಾನ್ಯಗಳನ್ನು ಹೇರಿಕೊಂಡು ದೇಶವನ್ನೇ ಅಳೆದ ಜನ ಇವರು. ಮೊಗಲರ ದಂಡಿಗೆ ದವಸ ಒದಗಿಸಿದವರು. 1790ರಿಂದ 1792ರವರೆಗೆ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಅನ್ನ ಸಾಗಿಸಿದವರು. ರೈಲು ಬಂದಿತು, ಎತ್ತಿನ ಹೇರಿಗೆ ಬೆಲೆ ಇಲ್ಲದಾಯಿತು. ಅದು ಸಾಲದೆಂಬಂತೆ ಸರ್ಕಾರ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಮಾಡಿ, ಕೆಲವು ಪ್ರಾಂತಗಳಲ್ಲಿ ಇವರನ್ನೂ ಹುಟ್ಟುಗಳ್ಳರ ಪಟ್ಟಿಗೆ ಸೇರಿಸಿತು. ಆ ಕಳಂಕ ಕಾಗದದ ಮೇಲೆ ಅಳಿದದ್ದು 1952ರಲ್ಲಿ. ಈಗ ಮಳೆ ನಂಬಿದ ತುಂಡು ಹೊಲ. ಸುಗ್ಗಿ ಮುಗಿದರೆ ಕಬ್ಬು ಕಡಿಯಲು, ಕಾಫಿ ತೋಟದ ಕೂಲಿಗೆ ದೂರದ ಪಯಣ. ಮದುವೆಗಳೆಲ್ಲ ಜನ ಊರಿಗೆ ಮರಳುವ ಬೇಸಿಗೆಯಲ್ಲಿ.

ಮುದುಕಿಯರು ಮಾತ್ರ ಕನ್ನಡಿ ಚೂರುಗಳನ್ನು ಹೊಲಿದ ಫೇಟಿಯಾ, ಕಾಂಚಳಿಗಳಲ್ಲಿದ್ದರು. ಕೆನ್ನೆಯ ಪಕ್ಕದಲ್ಲಿ ಇಳಿಬಿದ್ದ ಬೆಳ್ಳಿಯ ಘುಗರಿಗಳು ತಲೆ ಆಡಿಸಿದಾಗಲೆಲ್ಲ ಸದ್ದು ಮಾಡುತ್ತಿದ್ದವು. ತೋಳಿನ ಬಳೆಗಳು ಹಿಂದೆ ದಂತದವಂತೆ, ಈಗ ಪ್ಲಾಸ್ಟಿಕ್ಕಿನವು. ಹರೆಯದವರೆಲ್ಲ ಸೀರೆಯಲ್ಲಿದ್ದರು. ವಧುವಿನ ಮುಡಿಯಲ್ಲಿ ಹಡಗಲಿಯ ಮಲ್ಲಿಗೆ. ಅದರ ಪರಿಮಳ ಚಪ್ಪರದ ಹೊಗೆಯನ್ನೂ ಗೆದ್ದಿತ್ತು.

ನೆಲದಲ್ಲಿ ಎರಡು ಒನಕೆಗಳನ್ನು ನೆಟ್ಟಿದ್ದರು. ವಧೂವರರು ಅವುಗಳ ಸುತ್ತ ಏಳು ಸುತ್ತು ಬಂದರು. ಮದುವೆ ಅಲ್ಲಿಗೆ ಮುಗಿಯಿತು. ನಮ್ಮ ಛತ್ರಗಳಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಛಾಯಾಗ್ರಾಹಕನಿಗೇ ಹಿಡಿಯುತ್ತದೆ.

ಊಟಕ್ಕೆ ನನ್ನ ಪಕ್ಕದಲ್ಲಿ ತಾಂಡಾದ ನಾಯಕರು ಕುಳಿತರು. ಕೆಂಪು ರುಮಾಲಿನ ವೃದ್ಧರು. ಹೆಣ್ಣಿಗೆ ತೆರ ಕೊಡುವ ಪದ್ಧತಿಯ ಬಗ್ಗೆ ಕೇಳಿದೆ. "ಆಗ ಗಂಡಿನ ಕಡೆಯವ್ರು ನಮಗ ಎತ್ತು ಕೊಡ್ತಿದ್ರು. ಈಗ ನಾವು ಅವರಿಗೆ ಮೋಟರ್‌ಸೈಕಲ್ ಕೊಡ್ತೀವಿ" ಎಂದು ನಕ್ಕರು. ಆ ನಗೆಯಲ್ಲಿ ನನಗೆ ಸೇರಲು ಆಗಲಿಲ್ಲ. ಪಟ್ಟಣದ ನಮ್ಮಿಂದ ಈ ಜನ ಕಲಿತದ್ದರಲ್ಲಿ ವರದಕ್ಷಿಣೆಯೂ ಒಂದು ಎಂಬ ಮಾತನ್ನು ಯಾರ ಮುಂದೆ ಹೇಳುವುದು? ವಧುವಿನ ತಂದೆ ಬಡಿಸುತ್ತಾ ಹೋಗುತ್ತಿದ್ದರು. ಮೋಟರ್‌ಸೈಕಲ್ಲಿನ ಸಾಲ ತೀರಿಸಲು ಅವರು ಇನ್ನೂ ಎರಡು ಸುಗ್ಗಿ ಕಬ್ಬಿನ ಗದ್ದೆಗೆ ಹೋಗಬೇಕೆಂದು ಮಾಸ್ತರರು ಮೆಲ್ಲನೆ ತಿಳಿಸಿದರು.

ಹೆಂಗಸರ ಚಿಂತೆ ಬೇರೆಯದಾಗಿತ್ತು. ಮಗಳನ್ನು ಕಳಿಸಿಕೊಡುವಾಗ ಆಕೆ ಒಬ್ಬೊಬ್ಬರನ್ನೂ ತಬ್ಬಿ ರಾಗವಾಗಿ ಅಳಬೇಕು. ಅದಕ್ಕೆ ಢಾವಲೋ ಎಂದು ಹೆಸರು. ಕೊನೆಗೆ ಸಿಂಗರಿಸಿದ ಎತ್ತಿನ ಬೆನ್ನ ಮೇಲೆ ನಿಂತು ತವರಿಗೆ ಒಳ್ಳೆಯದನ್ನು ಹರಸಿ ಹಾಡಬೇಕು, ಅದು ಹವೇಲಿ. ಈ ಭಾಷೆಗೆ ತನ್ನದೇ ಆದ ಲಿಪಿ ಇಲ್ಲ. ತಾಯಿ, ಅಜ್ಜಿಯರ ಬಾಯಿಂದಲೇ ಬರಬೇಕು. ಹುಡುಗಿಯೋ ಹೊಸಪೇಟೆಯ ಹಾಸ್ಟೆಲಿನಲ್ಲಿದ್ದು ಬಿ.ಎ. ಮುಗಿಸಿದವಳು. "ಅಳಾಕೂ ಕಲೀಬೇಕಪ್ಪಾ. ಇಕಿ ಪುಸ್ತಕ ಕಲ್ತಾಳ, ಇದನ್ನ ಕಲ್ತಿಲ್ಲ" ಎಂದು ಅಜ್ಜಿ ನನ್ನಲ್ಲೇ ದೂರು ಹೇಳಿದಳು.

ಬೆಳಗಾಯಿತು. ಮೊದಲು ಅಜ್ಜಿಯೇ ರಾಗ ಎತ್ತಿದಳು. ಹುಡುಗಿ ಅವಳ ಹೆಗಲಿಗೆ ಮುಖವೊತ್ತಿ ಸುಮ್ಮನೆ ನಿಂತಿದ್ದಳು. ತಾಯಿಯನ್ನು ತಬ್ಬಿದಾಗಲೂ ಮಾತಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಂದೆಯ ಸರದಿ ಬಂದಾಗ ಅವಳ ಗಂಟಲಿನಿಂದ ಅದೇ ರಾಗ ಹೊರಟಿತು. ಮಾತುಗಳು ಮಾತ್ರ ಅಜ್ಜಿಯವಲ್ಲ. ಮಾಸ್ತರರು ನನ್ನ ಕಿವಿಯಲ್ಲಿ ಒಂದೊಂದನ್ನೇ ಕನ್ನಡಿಸುತ್ತಾ ಬಂದರು. ಹಾಸ್ಟೆಲಿಗೆ ಹೊತ್ತು ತಂದ ತಗಡಿನ ಪೆಟ್ಟಿಗೆ. ಬೆಳಗಿನ ಜಾವದ ಬಸ್ಸು. ಪರೀಕ್ಷೆಯ ಹಣ ಕಟ್ಟಲು ಕಬ್ಬಿನ ಗದ್ದೆಯಿಂದ ಬಂದ ಅಪ್ಪನ ಅಂಗೈಯ ಗೀರುಗಳು. ನನ್ನ ಸಾಲಕ್ಕಾಗಿ ಮತ್ತೆ ಆ ಗದ್ದೆಗೆ ಹೋಗುವೆಯಲ್ಲ, ಅಪ್ಪಾ... ಅಲ್ಲಿಗೆ ಮಾಸ್ತರರು ನಿಲ್ಲಿಸಿದರು. ಮುಂದಿನದನ್ನು ನಾನೂ ಕೇಳಲಿಲ್ಲ. ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳುತ್ತಿದ್ದಳು. ವರ ತಲೆ ತಗ್ಗಿಸಿ ನಿಂತಿದ್ದ.

ಆಮೇಲೆ ಎತ್ತು ಬಂದಿತು. ಕೋಡಿಗೆ ಗೊಂಡೆ, ಬೆನ್ನಿಗೆ ಕಸೂತಿಯ ಜೂಲು. ಸೋದರಮಾವಂದಿರು ಹಿಡಿದುಕೊಂಡರು, ಹುಡುಗಿ ಮೇಲೆ ನಿಂತು ಎರಡೂ ಕೈ ಎತ್ತಿ ಹಾಡಿದಳು. ಈ ಸಲ ಅಜ್ಜಿಯೂ ಕೆಳಗಿನಿಂದ ದನಿಗೂಡಿಸಿದಳು. ಎತ್ತು ಬಲು ಸಾಧು, ಕಿವಿಯನ್ನಷ್ಟೇ ಆಡಿಸುತ್ತಿತ್ತು.

ಹಾಡು ಮುಗಿದು, ಬಾಡಿಗೆಯ ಕಾರು ಧೂಳೆಬ್ಬಿಸಿ ಕೊಟ್ಟೂರಿನ ದಾರಿ ಹಿಡಿಯಿತು. ಹೆಂಗಸರು ಒಳಗೆ ಹೋದರು. ಹಿಂದೊಮ್ಮೆ ದಂಡುಗಳಿಗೇ ದವಸ ಹೊತ್ತ ಜನರ ಆ ತಾಂಡಾದಲ್ಲಿ ಈಗ ಒಂದೂ ಎತ್ತಿಲ್ಲ, ಉಳುಮೆ ಎಲ್ಲ ಟ್ರ್ಯಾಕ್ಟರಿನದು ಎಂಬುದು ನನಗೆ ತಿಳಿದದ್ದು ಆಗಲೇ. ಪಕ್ಕದ ಹಳ್ಳಿಯ ರೈತನೊಬ್ಬ ಗೊಂಡೆ, ಜೂಲುಗಳನ್ನು ಬಿಚ್ಚಿ ನಾಯಕರ ಕೈಗೆ ಕೊಟ್ಟು, ಒಂದು ಹಿಡಿ ಬೆಲ್ಲ ಇಸಿದುಕೊಂಡು, ಹೊತ್ತೇರುವ ಮೊದಲೇ ಹೊಲಕ್ಕೆ ಬೇಕೆಂದು ತನ್ನ ಎತ್ತನ್ನು ಹೊಡೆದುಕೊಂಡು ಹೋದ.