ಗಾಲಿಯ ಸೊಟ್ಟ, ದಾರದ ನೇರ

ಮನುಷ್ಯನು ಕಾಲನ್ನು ಸೊಟ್ಟಗೆ ಇಟ್ಟು ನಡೆದರೆ ಊರಿಗೆಲ್ಲ ಕಾಣುತ್ತದೆ. ಕಾರಿನ ಗಾಲಿ ಸೊಟ್ಟಗಿದ್ದರೆ ಅದರ ಒಡೆಯನಿಗೂ ಕಾಣುವುದಿಲ್ಲ. ಟೈರಿನ ಒಳಅಂಚು ಸವೆದು ರಬ್ಬರಿನೊಳಗಿನ ತಂತಿ ಹೊರಬಿದ್ದಾಗಲೇ ಗುಟ್ಟು ರಟ್ಟಾಗುವುದು. ಅದೂ ಯಾರಾದರೂ ಬಗ್ಗಿ ನೋಡಿದರೆ.

ದಂಡೋತಿಯ ಸುತ್ತಿನ ರಸ್ತೆಗಳ ವಿಷಯವಾಗಿ ಹೆಚ್ಚು ಹೇಳಬೇಕಾದುದಿಲ್ಲ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಕಾರ್ಖಾನೆಗಳ ಲಾರಿಗಳು ಹಗಲಿರುಳೆನ್ನದೆ ಓಡುವ ನಾಡು ಇದು. ರಸ್ತೆಯ ಕೆಳಗೆ ಎರೆಮಣ್ಣು. ಮಳೆಗೆ ಉಬ್ಬುವುದೂ ಬೇಸಿಗೆಗೆ ಬಿರಿಯುವುದೂ ಅದರ ಹುಟ್ಟುಗುಣ. ಕಾಗಿಣಾ ತುಂಬಿ ಬಂದು ಸೇತುವೆಯನ್ನು ಮುಳುಗಿಸಿ ಇಳಿದುಹೋದ ಮೇಲೆ ಉಳಿಯುವ ರಸ್ತೆ ಎಂಥದೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಇದೇ ನದಿಯ ದಂಡೆಯ ಮಳಖೇಡದಿಂದ ರಾಷ್ಟ್ರಕೂಟರು ರಾಜ್ಯವಾಳಿದರು. ಅವರ ರಥಗಳ ಗಾಲಿಗಳನ್ನು ಯಾರು ನೇರ್ಪಡಿಸುತ್ತಿದ್ದರೋ, ಶಾಸನಕಾರರು ಆ ಸಂಗತಿಯನ್ನು ಕಲ್ಲಿನಲ್ಲಿ ಬರೆಸುವ ಗೋಜಿಗೆ ಹೋದಂತಿಲ್ಲ.

ನಮ್ಮ ಕಾರು ವಾರಕ್ಕೆರಡು ಸಲ ತಾಯಿಯವರನ್ನು ಕಲಬುರಗಿಯ ಆಸ್ಪತ್ರೆಗೆ ಕರೆದೊಯ್ಯತಕ್ಕದ್ದು. ಒಂದು ಗುಂಡಿಗಿಳಿದ ದಿನದಿಂದ ಅದು ಎಡಕ್ಕೆ ಎಳೆಯತೊಡಗಿತು. ಪಟ್ಟಣದ ಒಂದು ಗ್ಯಾರೇಜಿನವರು ಯಂತ್ರದ ಮೇಲೆ ನಿಲ್ಲಿಸಿ, ಇಪ್ಪತ್ತು ನಿಮಿಷಗಳಲ್ಲಿ ವೀಲ್ ಅಲೈನ್‌ಮೆಂಟ್ ಮುಗಿಸಿ, ಅಂಕಿಗಳೆಲ್ಲ ಹಸಿರಾಗಿದ್ದ ಕಾಗದವೊಂದನ್ನು ಕೈಗಿತ್ತರು. ಅಲ್ಲಿಂದ 4,000 ಕಿಲೋಮೀಟರು ಓಡುವಷ್ಟರಲ್ಲಿ ಪಂಕ್ಚರ್ ಅಂಗಡಿಯ ಹುಡುಗ ಬಗ್ಗಿ ನೋಡಿ, “ಸರ್, ಒಳಗಡಿ ತಾರ ಕಾಣ್ಲಿಕತ್ತಾವ ನೋಡ್ರಿ” ಎಂದ. ಲಾರಿಗಳ ನಡುವೆ, ಹಿಂದಿನ ಸೀಟಿನಲ್ಲಿ ತಾಯಿಯವರು ಕಣ್ಮುಚ್ಚಿ ಒರಗಿರುವಾಗ ಆ ಟೈರು ಸಿಡಿದಿದ್ದರೆ ಎಂಬ ವಿಚಾರವನ್ನು ನಾನು ಮುಂದುವರಿಸಲಿಲ್ಲ. ಎರಡೂ ಟೈರುಗಳನ್ನು ಆ ದಿನವೇ ಬದಲಾಯಿಸಿದ್ದಾಯಿತು. ಹೊಸವನ್ನೂ ಹಾಗೆಯೇ ಸವೆಯಲು ಬಿಡಬಾರದೆಂದು, ಈ ಸಲ ನಾನೇ ಅಳೆದು ನೋಡುವುದೆಂದು ನಿಶ್ಚಯಿಸಿದೆ.

ಅಳತೆಗೆ ಬೇಕಾದ ಮೊದಲ ವಸ್ತು ಸಮತಟ್ಟಾದ ನೆಲ. ಈ ಸೀಮೆಯವರಿಗೆ ಅದೊಂದು ಭಾಗ್ಯ. ಶಹಾಬಾದಿನ ಪರಸಿ ಕಲ್ಲು ಹಾಸದ ಅಂಗಳವೇ ಅಪರೂಪ. ಆದರೂ ಪಕ್ಕದ ಮನೆಯ ಗೌಂಡಿಯವರು ನೀರು ತುಂಬಿದ ಪಾರದರ್ಶಕ ಪೈಪನ್ನು ನಾಲ್ಕೂ ಗಾಲಿಗಳ ಜಾಗದಲ್ಲಿ ಹಿಡಿದು ಮಟ್ಟ ನೋಡಿದರು. ಟೈರುಗಳ ಗಾಳಿಯನ್ನು ಸಮ ಮಾಡಿ, ಸ್ಟಿಯರಿಂಗ್ ನೇರವಾಗಿ ಕಟ್ಟಿ, ಕಾರಿನ ಎರಡೂ ಪಕ್ಕಗಳಲ್ಲಿ ಗಾಲಿಯ ನಡುಮಟ್ಟಕ್ಕೆ ಸರಿಯಾಗಿ ದಾರ ಎಳೆದೆವು. ದಾರವು ಟೈರಿಗೆ ಒರಗಬಾರದು. ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಣ ಅಗಲ ಒಂದೇ ಇರುವುದಿಲ್ಲವಾದ್ದರಿಂದ, ಗಾಲಿಯ ನಡುಭಾಗದಿಂದ ಎರಡೂ ಪಕ್ಕದ ದಾರಗಳು ಸಮದೂರದಲ್ಲಿರುವಂತೆ ನೋಡಿಕೊಳ್ಳಬೇಕು. ಅನಂತರ ದಾರದಿಂದ ರಿಮ್ಮಿನ ಮುಂದಂಚಿಗೆ ಎಷ್ಟು, ಹಿಂದಂಚಿಗೆ ಎಷ್ಟು ಎಂದು ಅಳೆಯುವುದು. ಮುಂದಿನ ಅಂತರ ಹೆಚ್ಚಾಗಿದ್ದರೆ ಗಾಲಿ ಒಳಮುಖ, ಕಡಿಮೆಯಾಗಿದ್ದರೆ ಹೊರಮುಖ. ಇದಕ್ಕೆ ಟೋ ಎಂದು ಹೆಸರು.

ನಮ್ಮದು ಎರಡೂ ಗಾಲಿ ಸೇರಿ 4 ಮಿಲಿಮೀಟರು ಹೊರಮುಖವಾಗಿತ್ತು. ಅಲ್ಪವೆಂದು ತೋರೀತು. ರಿಮ್ಮಿನ ವ್ಯಾಸ ಸುಮಾರು 380 ಮಿಲಿಮೀಟರು. ಗಾಲಿಗೆ 2ರಂತೆ ಲೆಕ್ಕ ಹಾಕಿದರೆ, ಒಂದು ಕಿಲೋಮೀಟರು ಉರುಳುವಷ್ಟರಲ್ಲಿ ಪ್ರತಿ ಟೈರೂ ಸುಮಾರು 5 ಮೀಟರು ಅಡ್ಡಡ್ಡಲಾಗಿ ಉಜ್ಜಿಕೊಂಡಿರುತ್ತದೆ. ನಮ್ಮ 4,000 ಕಿಲೋಮೀಟರಿಗೆ ಅದು 20 ಕಿಲೋಮೀಟರಿಗೂ ಮಿಕ್ಕಿತು. ಚಪ್ಪಲಿಯನ್ನು ಅಷ್ಟು ದೂರ ಎಳೆದಾಡಿದರೆ ಏನುಳಿದೀತು!

ಆದರೆ ಯಂತ್ರದ ಕಾಗದ ಸುಳ್ಳಾಯಿತೆ? ಇಲ್ಲಿ ಗೌಂಡಿಯವರ ಬುದ್ಧಿ ಉಪಯೋಗಕ್ಕೆ ಬಂತು. “ಗಾಲಿ ಸ್ವಲ್ಪ ದೂಡಿ ಮತ್ತ ಅಳೀರಿ ಸರ್” ಎಂದರು. ಕೈಯಿಂದ ದೂಡಿದೊಡನೆಯೇ ಅಳತೆ 3 ಮಿಲಿಮೀಟರು ಬದಲಾಯಿತು. ಟೈ ರಾಡಿನ ತುದಿಯ ಕೀಲು ಸಡಿಲಾಗಿತ್ತು! ಕಾಗದದ ಅಂಕಿಗಳು ಬರೆದ ಗಳಿಗೆಯಲ್ಲಿ ಸತ್ಯವಾಗಿದ್ದವು. ಕಾರು ಬಾಗಿಲು ದಾಟುವಷ್ಟರಲ್ಲಿ ಸುಳ್ಳಾದವು. ಅಳೆಯುವ ಮುನ್ನ ಕೀಲುಗಳನ್ನು ಅಲುಗಿಸಿ ನೋಡುವ ಕೆಲಸಕ್ಕೆ ಯಂತ್ರ ಬೇಕಿಲ್ಲ, ಎರಡು ಕೈ ಬೇಕು. ಅದನ್ನು ಬಿಟ್ಟು ದುಡ್ಡು ಪಡೆದ ಗ್ಯಾರೇಜಿನ ಮೇಲೆ ನನ್ನ ಸಿಟ್ಟು ಇನ್ನೂ ಆರಿಲ್ಲ.

ಊರಿನ ಮಿಸ್ತ್ರಿಯವರು ಎರಡೂ ತುದಿಗಳನ್ನು ಬದಲಾಯಿಸಿಕೊಟ್ಟರು. ಹೊಂದಿಸುವ ಕೆಲಸ ನಮ್ಮದು. ನಿಂತ ಟೈರು ನೆಲವನ್ನು ಕಚ್ಚಿ ಹಿಡಿದಿರುವುದರಿಂದ, ರಾಡನ್ನು ತಿರುಗಿಸಿದರೂ ಗಾಲಿ ಪೂರ್ತಿ ಒಲಿಯುವುದಿಲ್ಲ. ಗ್ಯಾರೇಜಿನಲ್ಲಿ ಇದಕ್ಕಾಗಿಯೇ ತಿರುಗುವ ತಟ್ಟೆಗಳಿರುತ್ತವೆ. ನಾವು ಪಾಲಿಶ್ ಮಾಡಿದ ಪರಸಿಯ ಎರಡು ತುಂಡುಗಳನ್ನು ಮುಖಕ್ಕೆ ಮುಖ ಸೇರಿಸಿ, ನಡುವೆ ಗ್ರೀಸು ಸವರಿ, ಒಂದೊಂದು ಮುಂಗಾಲಿಯ ಕೆಳಗೆ ಒಂದೊಂದು ಜೋಡಿ ಇಟ್ಟೆವು. ಎತ್ತರ ಸಮವಾಗಲೆಂದು ಹಿಂಗಾಲಿಗಳಿಗೂ ಅಷ್ಟೇ ದಪ್ಪದ ಕಲ್ಲು. ಬೆಣ್ಣೆಯ ಮೇಲೆ ಜಾರಿದಂತೆ ಜಾರಿತು. ಲಾಕ್ ನಟ್ ಸಡಿಲಿಸಿ, ಎರಡೂ ಪಕ್ಕದ ರಾಡುಗಳನ್ನು ಸಮವಾಗಿ ತಿರುಗಿಸಿ, ನಟ್ ಬಿಗಿದು, ಕಾರನ್ನು ಹಿಂದೆಮುಂದೆ ಉರುಳಿಸಿ ಮತ್ತೆ ಅಳೆದೆವು. ತಯಾರಕರ ಪುಸ್ತಕ ಹೇಳಿದಷ್ಟಕ್ಕೆ ಬರಲು ಸಂಜೆಯಾಯಿತು. ಶ್ರೀಮತಿಯವರು ಮೂರು ಸಲ ಚಹಾ ಕೊಟ್ಟು, ನಾಲ್ಕನೆಯ ಸಲ ಅಂಗಳ ಯಾವಾಗ ತೆರವಾದೀತೆಂದು ವಿಚಾರಿಸಿದರು.

ದಾರಕ್ಕೆ ಟೋ ತಿಳಿಯುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಕೇಳಬಾರದು. ಗಾಲಿ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ತೂಗುಗುಂಡು ಇಳಿಬಿಟ್ಟರೆ ಅದರ ಸುಳಿವು ಸಿಗುತ್ತದೆ, ಅಷ್ಟೆ. ಅದು ಸಿಕ್ಕರೂ ಅನೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿದ್ದುವ ಏರ್ಪಾಡೇ ಇಲ್ಲ. ಬಾಗಿದ ಭಾಗವನ್ನು ಬದಲಿಸಬೇಕು. ಇನ್ನು ಕ್ಯಾಸ್ಟರ್ ಎಂಬ ಕೋನವನ್ನು ಗಾಲಿಯನ್ನು ಇಂತಿಷ್ಟೇ ತಿರುಗಿಸಿ ಅಳೆಯಬೇಕು. ಈಚಿನ ಕಾರುಗಳಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿತೆಂದು ಗಮನಿಸುವ ಸೆನ್ಸರ್ ಬೇರೆ ಉಂಟು. ಟೋ ತಿದ್ದಿದ ಮೇಲೆ ಅನೇಕ ಕಾರುಗಳಲ್ಲಿ ಅದಕ್ಕೆ ಹೊಸ ನೇರವನ್ನು ಕಲಿಸಬೇಕಾಗುತ್ತದೆ. ಅಲ್ಲಿ ಅಂಗಳದ ವಿದ್ಯೆ ನಡೆಯದು.

ನಮ್ಮ ಬಲಗಾಲಿಯ ತೂಗುಗುಂಡು ಎಡಗಾಲಿಗಿಂತ ಬೇರೆ ಮಾತು ಹೇಳುತ್ತಿತ್ತು. ಆದ್ದರಿಂದ ಮರುವಾರ ಬೇರೊಂದು ಗ್ಯಾರೇಜಿಗೆ ಹೋದೆ. ಅಲ್ಲಿಯ ವೃದ್ಧ ಮಿಸ್ತ್ರಿಯವರು ಯಂತ್ರಕ್ಕೆ ಕೈ ಹಚ್ಚುವ ಮೊದಲು ಪ್ರತಿ ಗಾಲಿಯನ್ನೂ ಹಿಡಿದು ಅಲುಗಿಸಿದರು. ಅದನ್ನು ಕಂಡೇ ನನಗೆ ಅರ್ಧ ಸಮಾಧಾನವಾಯಿತು. ಟೋ ನಮ್ಮ ದಾರದ ಅಳತೆಗೆ ಅರ್ಧ ಮಿಲಿಮೀಟರಿನೊಳಗೆ ಹೊಂದಿತು. ಬಲಗಡೆಯ ಲೋವರ್ ಆರ್ಮ್ ಬಾಗಿದೆಯೆಂದು ತೋರಿಸಿ, ಹೊಸದನ್ನು ಜೋಡಿಸಿ, ಮತ್ತೆ ಎಲ್ಲವನ್ನೂ ಅಳೆದುಕೊಟ್ಟರು. ಈಗ ಕಾರು ನೇರವಾಗಿ ಓಡುತ್ತಿದೆ. ಪ್ರತಿ ತಿಂಗಳ ಮೊದಲ ಭಾನುವಾರ ಪರಸಿಯ ಮೇಲೆ ದಾರ ಎಳೆಯುತ್ತೇನೆ. ತಾಯಿಯವರು ಜಗುಲಿಯ ಮೇಲೆ ಕುಳಿತು, ಕೇಳಿದ ಅಂಕಿಗಳನ್ನು ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ.